‘ಊಟ ಆಯ್ತು’ ಎಂಬ ಸುಳ್ಳು

ಧಾರವಾಡದ ಗೆಳೆಯರು ಮೈಸೂರು ಕಡೆಯವರ ಮೇಲೆ ಹೇಳುವ ಒಂದು ಹಳೆಯ ಜೋಕಿದೆ. ಮಟಮಟ ಮಧ್ಯಾಹ್ನ ನೆಂಟರು ಬಾಗಿಲಿಗೆ ಬಂದು ನಿಂತರೆ ಮನೆಯ ಯಜಮಾನ ಬಹಳ ವಿನಯದಿಂದ ಕೇಳುತ್ತಾನಂತೆ: ‘ಊಟ ಮಾಡ್ಕೊಂಡು ಬಂದ್ರಾ, ಇಲ್ಲಾ ಹೋಗಿ ಮಾಡ್ತೀರಾ?’ ನಾನು ತುಮಕೂರಿನವನು. ಮೈಸೂರು ನಮಗೂ ದೂರವೇ. ಆದರೆ ಧಾರವಾಡದಲ್ಲಿ ನಿಂತು ನೋಡುವವರಿಗೆ ದಾವಣಗೆರೆ ದಾಟಿದ ಮೇಲೆ ಎಲ್ಲವೂ ಮೈಸೂರೇ. ಹಾಗಾಗಿ ಈ ಜೋಕನ್ನು ನಾನು ಕಡಿಮೆಯೆಂದರೂ ಹತ್ತು ಸಲ ಎದುರು ಕೂತು ಕೇಳಿದ್ದೇನೆ, ಪ್ರತಿ ಸಲವೂ ನಕ್ಕಿದ್ದೇನೆ.

ಮರಾಠಿ ಬಲ್ಲ ಒಬ್ಬರು ಆಮೇಲೆ ಹೇಳಿದರು, ಇದೇ ಜೋಕನ್ನು ಅವರ ಕಡೆ ಪುಣೆಯವರ ಮೇಲೆ ಹೇಳುತ್ತಾರೆ, ಊಟದ ಬದಲು ಚಹಾ ಇಟ್ಟು. ಅಂದರೆ ಜೋಕಿಗೆ ಸ್ವಂತ ಊರಿಲ್ಲ. ಪಕ್ಕದ ಊರೊಂದಿದ್ದರೆ ಸಾಕು. ಅಲ್ಲಿನವರು ಕೈ ಬಿಗಿ, ನಾವು ಕೈ ಬಿಚ್ಚಿದವರು.

ನಮ್ಮ ಕಡೆಯವರೇನು ಸುಮ್ಮನಿರುವವರಲ್ಲ. ಧಾರವಾಡದ ಕಡೆ ಊಟಕ್ಕೆ ಹೋಗಿ ಬಂದವರು ‘ಅರ್ಧ ರೊಟ್ಟಿ’ಯ ಕಥೆ ಹೇಳುತ್ತಾರೆ. ನಾನೇ ಅದರ ಸಾಕ್ಷಿ. ವರ್ಷಗಳ ಹಿಂದೆ ಬಾಗಲಕೋಟೆಯ ಹತ್ತಿರದ ಒಂದು ಹಳ್ಳಿಯಲ್ಲಿ ಗೆಳೆಯನ ಮನೆಗೆ ಹೋಗಿದ್ದೆ. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಎರಡು ರೊಟ್ಟಿಯಾದ ಮೇಲೆ ನಾನು ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದೆ. ಗೆಳೆಯನ ತಾಯಿ, ‘ಅರ್ಧಾ ಅಷ್ಟರೀ, ಅರ್ಧಾ’ ಎಂದು ಕೈಗಳ ಸಂದಿಯಲ್ಲಿ ಮುರಿದ ರೊಟ್ಟಿ ಜಾರಿಸಿದರು. ಅದನ್ನು ಮುಗಿಸುವಷ್ಟರಲ್ಲಿ, ‘ಮುರದ ರೊಟ್ಟಿ ಯಾಕ ಉಳಸಬೇಕರೀ’ ಎಂದು ಉಳಿದರ್ಧ ಬಂತು. ಮತ್ತೆ ಒಂದು ಹೊಸ ಅರ್ಧ. ಗ್ರೀಸಿನ ಝೀನೋ ಎಂಬ ತತ್ತ್ವಜ್ಞಾನಿ ಒಂದು ಒಗಟು ಮಾಡಿಟ್ಟು ಹೋಗಿದ್ದಾನೆ. ಗುರಿ ಮುಟ್ಟಬೇಕಾದರೆ ಮೊದಲು ಅರ್ಧ ದಾರಿ ನಡೆಯಬೇಕು, ಆಮೇಲೆ ಉಳಿದಿದ್ದರ ಅರ್ಧ, ಮತ್ತೆ ಅದರ ಅರ್ಧ. ಹೀಗೆ ಹೋದರೆ ಯಾರೂ ಎಂದಿಗೂ ಗುರಿ ಮುಟ್ಟುವುದಿಲ್ಲ. ತರಗತಿಯಲ್ಲಿ ಕೇಳಿದಾಗ ಅರ್ಥವಾಗದಿದ್ದ ಆ ಒಗಟು ನನಗೆ ಅಂದು ಅಡುಗೆಮನೆಯ ಮಣೆಯ ಮೇಲೆ ಕೂತು ಹೊಟ್ಟೆಗೇ ಅರ್ಥವಾಯಿತು.

ಈ ಎರಡು ಜೋಕುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಎರಡರ ಒಳಗೂ ಒಂದೇ ಪ್ರಶ್ನೆಯಿದೆ ಅನಿಸುತ್ತದೆ. ಬಂದವನು ‘ಬೇಡ’ ಅಂದರೆ ಅದನ್ನು ನಂಬಬೇಕೆ? ಮೈಸೂರಿನ ಯಜಮಾನ ಅತಿಥಿ ಬಾಯಿ ತೆರೆಯುವ ಮೊದಲೇ ಅವನ ‘ಬೇಡ’ವನ್ನು ಅವನ ಬಾಯಿಗೆ ಇಟ್ಟುಬಿಡುತ್ತಾನೆ. ಬಾಗಲಕೋಟೆಯ ತಾಯಿ ಆ ಪದವನ್ನು ಕೇಳಿಸಿಕೊಳ್ಳುವುದೇ ಇಲ್ಲ.

ನಗೆಯ ಮಾತೆಂದು ತಳ್ಳಿಹಾಕಬಹುದು. ನಾನೂ ಹಾಗೆಯೇ ತಳ್ಳಿಹಾಕಿದ್ದೆ, ಒಂದು ಮಧ್ಯಾಹ್ನದ ತನಕ. ಆ ಮಧ್ಯಾಹ್ನದ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ನಮ್ಮಪ್ಪನ ಬಗ್ಗೆ ಸ್ವಲ್ಪ ಹೇಳಬೇಕು.

ನಮ್ಮಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ಯಾರ ಮನೆಗೆ ಹೋದರೂ, ಎಷ್ಟೇ ಹೊತ್ತಾಗಿದ್ದರೂ, ಚಪ್ಪಲಿ ಬಿಡುತ್ತಾ ಅವರು ಹೇಳುತ್ತಿದ್ದ ಮೊದಲ ಮಾತು ‘ಊಟ ಆಯ್ತು’. ಕೇಳುವ ಮೊದಲೇ ಹೇಳುತ್ತಿದ್ದರು. ಬಸ್ಸಿನಲ್ಲಿ ನಾಲ್ಕು ಗಂಟೆ ಕೂತು, ಬೆಳಗ್ಗೆಯಿಂದ ಒಂದು ಲೋಟ ಕಾಫಿಯ ಮೇಲಿದ್ದು, ನನ್ನ ಕೈ ಹಿಡಿದುಕೊಂಡು, ‘ಆಯ್ತು ಆಯ್ತು, ಈಗ ತಾನೇ ಆಯ್ತು’. ಪಕ್ಕದಲ್ಲಿ ನಿಂತ ಏಳೆಂಟು ವರ್ಷದ ನನಗೆ ಅಳು ಬರುತ್ತಿತ್ತು. ಶಾಲೆಯಲ್ಲಿ ಸುಳ್ಳು ಹೇಳಿದ ಹುಡುಗರಿಗೆ ಬೆತ್ತದ ರುಚಿ ತೋರಿಸುವ ಮನುಷ್ಯ ಇವರೇನಾ? ಆದರೆ ಪ್ರತಿ ಸಲವೂ ಒಂದೇ ರೀತಿ ಆಗುತ್ತಿತ್ತು. ಒಳಗಿನಿಂದ ಒಬ್ಬ ಹೆಂಗಸಿನ ದನಿ, ‘ಆಯ್ತೋ ಇಲ್ವೋ ಆಮೇಲೆ ನೋಡೋಣ, ಕೈಕಾಲು ತೊಳ್ಕೊಳ್ಳಿ ಮೇಷ್ಟ್ರೇ’ ಅನ್ನುತ್ತಿತ್ತು. ಅಪ್ಪ ‘ಅಯ್ಯೋ ಯಾಕಮ್ಮ’ ಅನ್ನುತ್ತಲೇ ಹಿತ್ತಿಲಿಗೆ ನಡೆಯುತ್ತಿದ್ದರು. ಬಚ್ಚಲ ಕಡೆ ಹೋಗುವ ಅವರ ನಡಿಗೆಯಲ್ಲಿ ಒಂದು ಆತುರ ಇರುತ್ತಿತ್ತು. ಅದನ್ನು ಗಮನಿಸಿದ್ದು ನಾನೊಬ್ಬನೇ ಅಂದುಕೊಂಡಿದ್ದೆ. ಆ ಮನೆಯ ಹೆಂಗಸರೆಲ್ಲ ಗಮನಿಸಿದ್ದರು ಎಂದು ಈಗ ತಿಳಿಯುತ್ತದೆ.

ಇದು ಸುಳ್ಳೇ? ಕಾಂಟ್‌ ಎಂಬ ಜರ್ಮನ್ ತತ್ತ್ವಜ್ಞಾನಿಯ ಹೆಸರು ಸುಳ್ಳಿನ ಮಾತು ಬಂದಾಗಲೆಲ್ಲ ಬರುತ್ತದೆ. 1797ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಅವನು ಹೇಳುವುದು ಇಷ್ಟು: ಕೊಲೆಗಾರನೊಬ್ಬ ನಿನ್ನ ಬಾಗಿಲಿಗೆ ಬಂದು, ನಿನ್ನ ಮನೆಯಲ್ಲಿ ಅಡಗಿರುವ ಗೆಳೆಯನನ್ನು ಕೇಳಿದರೂ ನೀನು ಸುಳ್ಳು ಹೇಳಕೂಡದು. ಅಷ್ಟು ಕಟ್ಟುನಿಟ್ಟು. ಆದರೆ ಮರುವರ್ಷ, 1798ರಲ್ಲಿ ಬಂದ ಪುಸ್ತಕವೊಂದರಲ್ಲಿ ಇದೇ ಕಾಂಟ್‌ ಉಪಚಾರದ ಮಾತುಗಳ ವಿಷಯದಲ್ಲಿ ಬಹಳ ಮೆತ್ತಗಾಗುತ್ತಾನೆ. ಅವು ಚಿಲ್ಲರೆ ನಾಣ್ಯವಿದ್ದಂತೆ, ಯಾರೂ ಅವನ್ನು ಚಿನ್ನವೆಂದು ತಿಳಿದು ಮೋಸಹೋಗುವುದಿಲ್ಲ, ಬಳಸುತ್ತಾ ಬಳಸುತ್ತಾ ಅವು ನಿಜವಾದ ಗುಣಕ್ಕೂ ದಾರಿ ಮಾಡಬಹುದು ಎನ್ನುವುದು ಅವನ ವಾದದ ಸಾರ. ಕಾಂಟ್‌ ಸ್ವತಃ ದಿನಕ್ಕೊಂದೇ ಊಟದವನು. ಅದನ್ನು ಒಬ್ಬನೇ ಕೂತು ಉಣ್ಣುವುದು ಅವನಿಗೆ ಆಗದು. ಪಂಕ್ತಿಯಲ್ಲಿ ಮೂವರಿಗಿಂತ ಕಡಿಮೆ ಇರಬಾರದು, ಒಂಬತ್ತು ಜನಕ್ಕಿಂತ ಹೆಚ್ಚಿರಬಾರದು ಎಂಬ ನಿಯಮ ಇಟ್ಟುಕೊಂಡಿದ್ದ. ಕೊಲೆಗಾರನ ಎದುರು ಸಡಿಲವಾಗದ ಮನುಷ್ಯ ಅತಿಥಿಗಳ ಎದುರು ಸಡಿಲವಾಗಿದ್ದರಲ್ಲಿ ಈ ಊಟದ ಮೇಜಿನ ಪಾಲೂ ಇದೆಯೆಂದು ನನ್ನ ಗುಮಾನಿ.

ನಮ್ಮಲ್ಲಂತೂ ಇಲ್ಲದ್ದನ್ನು ಇಲ್ಲವೆಂದು ಹೇಳದಿರುವುದೇ ಒಂದು ಭಾಷೆ. ದೀಪ ಆರಿಸು ಎನ್ನಬಾರದು, ‘ದೊಡ್ಡದು ಮಾಡು’ ಎನ್ನಬೇಕು. ಡಬ್ಬಿಯ ಕುಂಕುಮ ಖಾಲಿಯಾದರೆ ‘ಹೆಚ್ಚಿದೆ’. ಹೊರಟವರು ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನಿ’ ಅನ್ನಬೇಕು. ಹೊಸದಾಗಿ ಕನ್ನಡ ಕಲಿಯುವವನೊಬ್ಬ ಈ ನಾಲ್ಕು ಮಾತು ಕೇಳಿದರೆ ನಮ್ಮನ್ನು ಏನೆಂದುಕೊಂಡಾನು! ನಮ್ಮಜ್ಜಿ ಇದರಲ್ಲಿ ಪಂಡಿತೆ. ಊಟದ ಹೊತ್ತಿಗೆ ಯಾರಾದರೂ ಬಂದು, ಒಳಗೆ ಮೊಸರು ಕಡಿಮೆಯಿದ್ದರೆ ಎಲ್ಲರಿಗೂ ಕೇಳುವಂತೆ ನನಗೆ ಹೇಳುತ್ತಿದ್ದಳು: ‘ಮಗಾ, ನಿಂಗೆ ನೆಗಡಿ ಅಲ್ವಾ, ಮೊಸರು ಬೇಡ’. ನನಗೆ ನೆಗಡಿ ಇರುತ್ತಿರಲಿಲ್ಲ. ಹಪ್ಪಳ ಕಡಿಮೆಯಿದ್ದರೆ ಕೆಮ್ಮು ಬರುತ್ತಿತ್ತು. ಬಂದವರು ಕನಿಕರದಿಂದ ‘ಪಾಪ, ಮಗೂಗೆ ಯಾವಾಗಲೂ ಏನಾದರೊಂದು’ ಎನ್ನುತ್ತಾ ನನ್ನ ಪಾಲಿನ ಮೊಸರು ಕಲಸಿಕೊಳ್ಳುತ್ತಿದ್ದರು. ನೆಂಟರಿಷ್ಟರ ನಡುವೆ ನಾನು ಬಹಳ ರೋಗಿಷ್ಟ ಹುಡುಗ ಎಂಬ ಹೆಸರು ಇವತ್ತಿಗೂ ಉಳಿದಿದೆ.

ಅಜ್ಜಿ ಯಾರನ್ನೂ ‘ಊಟ ಮಾಡ್ತೀರಾ?’ ಎಂದು ಕೇಳಿದ್ದನ್ನು ನಾನು ಕಾಣೆ. ಅದು ಅವಳ ವ್ಯಾಕರಣದಲ್ಲೇ ಇರಲಿಲ್ಲ. ‘ಕೈ ತೊಳ್ಕೋ’ ಅನ್ನುವಳು, ಅಥವಾ ಏನೂ ಅನ್ನದೆ ತಟ್ಟೆ ಹಾಕುವಳು. ಕನ್ನಡ ಪಾಠ ಮಾಡುವವನಾದ ನನಗೆ ಇದು ತೀರಾ ತಡವಾಗಿ ಹೊಳೆಯಿತು. ಉಪಚಾರ ಎನ್ನುವುದು ಪ್ರಶ್ನಾರ್ಥಕ ವಾಕ್ಯದಲ್ಲಿ ನಿಲ್ಲುವುದಿಲ್ಲ, ವಿಧ್ಯರ್ಥದಲ್ಲಿ ನಿಲ್ಲುತ್ತದೆ. ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಭಾರ ಹಸಿದವನ ಮೇಲೆ ಬೀಳುತ್ತದೆ. ‘ಹೌದು, ನನಗೆ ಹಸಿವಾಗಿದೆ, ಅನ್ನ ಹಾಕಿ’ ಎಂದು ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟ ಎಂದು ಎಂದೂ ಹಸಿಯದವರಿಗೆ ತಿಳಿಯದು. ಮೂರು ಸಲ ಒತ್ತಾಯ ಮಾಡಬೇಕು ಅನ್ನುವ ಪದ್ಧತಿಯನ್ನು ಯಾರು ಹುಟ್ಟಿಸಿದರೋ, ಅವರು ಉಂಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿಸಿದ್ದಲ್ಲ. ಉಂಡವನಿಗೆ ಅದು ಹಿಂಸೆ. ನನ್ನಪ್ಪನಂಥವರಿಗೆ ಅದು, ಸೋತು ಊಟಕ್ಕೆ ಕೂತಂತೆ ನಟಿಸಲು ಸಿಗುವ ಒಂದು ಅವಕಾಶ.

ಊರಿಂದೂರಿಗೆ ಈ ನಾಟಕದ ಮಾತು ಬೇರೆ. ದಕ್ಷಿಣ ಕನ್ನಡದ ಹಳೆಯ ಮನೆಗಳಲ್ಲಿ ಬಂದ ಕೂಡಲೇ ಬೆಲ್ಲ, ನೀರು. ಆಮೇಲೆ ‘ಬಾಯಾರಿಕೆಗೆ ಏನಾಗಬೇಕು?’ ಎಂಬ ಪ್ರಶ್ನೆ. ನಾನು ಮೊದಲ ಸಲ ಆ ಕಡೆ ಹೋದಾಗ, ನೀರು ಕುಡಿದಾಗಿದೆಯಲ್ಲ ಎಂದು, ‘ಬಾಯಾರಿಕೆ ಇಲ್ಲ, ಬೇಡ’ ಎಂದುಬಿಟ್ಟೆ. ಮನೆಯವರು ಸುಮ್ಮನಾದರು. ಪಕ್ಕದಲ್ಲಿದ್ದವರಿಗೆ ಬಿಸಿಬಿಸಿ ಕಾಫಿ, ಅದರ ಜೊತೆಗೆ ಅವಲಕ್ಕಿ ಬಂತು. ನನಗಿಲ್ಲ. ಬಾಯಾರಿಕೆ ಎಂದರೆ ಅಲ್ಲಿ ಕಾಫಿ, ಚಹಾ, ಜೊತೆಗೆ ಬರುವ ತಿಂಡಿ ಎಲ್ಲವೂ. ನನ್ನ ‘ಬೇಡ’ವನ್ನು ಅವರು ಮರ್ಯಾದೆಯಿಂದ ನಂಬಿದ್ದರು. ಆ ಮನೆಯವರ ತಪ್ಪು ಏನೂ ಇರಲಿಲ್ಲ. ಆದರೂ ಅವಲಕ್ಕಿಯ ಒಗ್ಗರಣೆಯ ವಾಸನೆ ಇನ್ನೂ ನೆನಪಿದೆ. ಅವತ್ತು ನನಗೆ ಅನಿಸಿದ್ದನ್ನು ಮುಚ್ಚಿಡುವುದಿಲ್ಲ: ಇವರೂ ಮೈಸೂರಿನವರೇ!

ಆದರೆ ಒತ್ತಾಯದ ಪರವಾಗಿಯೇ ಹಾಡುತ್ತಾ ಹೋದರೆ ಅನ್ಯಾಯವಾಗುತ್ತದೆ. ನಮ್ಮ ಸೋದರಮಾವನಿಗೆ ಸಕ್ಕರೆ ಕಾಯಿಲೆ. ಮದುವೆ ಮನೆಗಳಲ್ಲಿ ಅವರು ‘ಬೇಡ’ ಎಂದಷ್ಟೂ ಹೋಳಿಗೆ ಬೀಳುತ್ತಿತ್ತು, ಅದರ ಮೇಲೆ ತುಪ್ಪ. ‘ಒಂದಿನ ತಿಂದ್ರೆ ಏನೂ ಆಗಲ್ಲ, ನಮ್ಮ ಮನೆ ಹೋಳಿಗೆ’ ಎಂಬುದು ಎಲ್ಲರ ವೈದ್ಯಕೀಯ ಸಲಹೆ. ಕೊನೆಗೆ ಮದುವೆಗಳಿಗೆ ಹೋಗುವುದನ್ನೇ ಬಿಟ್ಟರು. ಜನ ಅದನ್ನು ಜಂಬ ಎಂದರು. ‘ಬೇಡ’ವನ್ನು ಎಂದೂ ನಂಬದ ಸಮಾಜದಲ್ಲಿ ನಿಜವಾಗಿ ಬೇಡವಾದವನಿಗೆ ಹೇಳಲು ಪದವೇ ಉಳಿಯುವುದಿಲ್ಲ. ಇದು ಹೋಳಿಗೆಗೆ ಮಾತ್ರ ಸಂಬಂಧಿಸಿದ ಮಾತಲ್ಲ ಎಂದು ಹೆಣ್ಣುಮಕ್ಕಳಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದಿದೆ. ಅತಿಥಿಗಳ ಕಥೆ ಹೇಳುವವರೆಲ್ಲ ಹೆಚ್ಚಾಗಿ ಗಂಡಸರು. ‘ನಮ್ಮ ಮನೇಲಿ ಯಾರೂ ಹಸಿದು ಹೋಗಿಲ್ಲ’ ಎಂದು ಮೀಸೆ ತಿರುವುವವನು ಒಲೆ ಮುಂದೆ ಕೂತವನಲ್ಲ. ‘ಒಬ್ಬರು ಹೆಚ್ಚಾದರೆ ಸಾರಿಗೆ ಒಂದು ಚೊಂಬು ನೀರು’ ಎಂಬ ಜೋಕಿನಲ್ಲಿ ನೀರು ಹಾಕಿದ ಸಾರು ಕೊನೆಗೆ ಯಾರ ತಟ್ಟೆಗೆ ಬೀಳುತ್ತಿತ್ತು? ನಮ್ಮಜ್ಜಿ ಊಟ ಮಾಡುತ್ತಿದ್ದದ್ದನ್ನು ನಾನು ಸರಿಯಾಗಿ ನೋಡಿದ ನೆನಪೇ ಇಲ್ಲ. ಕೇಳಿದರೆ ಅವಳೂ ‘ಆಯ್ತು ಕಣೋ’ ಅನ್ನುತ್ತಿದ್ದಳು. ಅವಳ ‘ಆಯ್ತು’ವನ್ನು ಮಾತ್ರ ಮನೆಯವರೆಲ್ಲ ಒಂದೇ ಸಲಕ್ಕೆ ನಂಬುತ್ತಿದ್ದೆವು.

ಈಗ ಆ ಮಧ್ಯಾಹ್ನ.

ಸ್ನಾತಕೋತ್ತರ ತರಗತಿಯ ಒಬ್ಬ ವಿದ್ಯಾರ್ಥಿ ಪುಸ್ತಕವೊಂದನ್ನು ಒಯ್ಯಲು ಮನೆಗೆ ಬಂದಿದ್ದ. ಪಾವಗಡದ ಕಡೆಯ ಹುಡುಗ. ಬಿಸಿಲು. ಒಂದೂವರೆ ಗಂಟೆ. ನನ್ನ ಊಟ ಆಗ ತಾನೇ ಮುಗಿದಿತ್ತು, ಹೆಂಡತಿ ಒಳಗೆ ಪಾತ್ರೆ ತೆಗೆಯುತ್ತಿದ್ದಳು. ಇವನು ಹೂಂ ಅಂದರೆ ಅವಳು ಮತ್ತೆ ಒಲೆ ಹಚ್ಚಬೇಕು. ಹಾಗಂತ ಕೇಳದೆ ಇರಲಾದೀತೆ? ಕುರ್ಚಿಯಿಂದ ಏಳದೆ, ಪುಸ್ತಕದ ಧೂಳು ಒರೆಸುತ್ತಾ, ‘ಊಟ ಏನಾದ್ರೂ ಮಾಡ್ತೀರಾ?’ ಎಂದೆ. ‘ಇಲ್ಲ ಸಾರ್, ಆಯ್ತು’ ಎಂದ. ‘ಹೌದಾ, ಸರಿ’ ಎಂದೆ. ಪುಸ್ತಕ ತೆಗೆದುಕೊಂಡು ಹೊರಟ. ಅಷ್ಟೇ.

ಅವನು ಗೇಟು ಹಾಕಿದ ಮೇಲೆ ಒಳಗಿನಿಂದ ಹೆಂಡತಿ ಹೇಳಿದಳು: ‘ನೀವು ಕೇಳಿದ ಧಾಟಿಗೆ ನಾನಾಗಿದ್ರೂ ಆಯ್ತು ಅಂತಿದ್ದೆ’.

ಅರ್ಧ ಗಂಟೆಯ ಮೇಲೆ ಕರೆಂಟ್ ಬಿಲ್ಲು ಕಟ್ಟಲು ಹೊರಗೆ ಹೋದೆ. ಬಸ್‌ಸ್ಟಾಪಿನ ಹತ್ತಿರ ಒಂದು ಬೇಕರಿ. ಅದರ ಕಟ್ಟೆಗೆ ಒರಗಿ, ಕಂಕುಳಲ್ಲಿ ನನ್ನ ಪುಸ್ತಕ ಇಟ್ಟುಕೊಂಡು, ಅವನು ಬನ್ನು ತಿನ್ನುತ್ತಾ ನಿಂತಿದ್ದ. ಒಂದಲ್ಲ, ಕೈಯಲ್ಲಿ ಇನ್ನೊಂದಿತ್ತು. ನನ್ನನ್ನು ಅವನು ನೋಡಲಿಲ್ಲ. ನಾನು ಅವನನ್ನು ನೋಡಲಿಲ್ಲ ಅನ್ನುವಂತೆ ರಸ್ತೆಯ ಆಚೆ ದಾಟಿದೆ. ಅಪ್ಪ ಹಿತ್ತಿಲಿಗೆ ನಡೆಯುತ್ತಿದ್ದ ಆ ಆತುರದ ನಡಿಗೆ ಕಣ್ಣಮುಂದೆ ಬಂತು. ಒಂದೇ ಒಂದು ಮನೆ ಅವರ ಸುಳ್ಳನ್ನು ನಂಬಿದ್ದರೆ ಅವರೂ ಎಲ್ಲೋ ಒಂದು ಕಟ್ಟೆಗೆ ಒರಗಿ, ನನಗೆ ಒಂದು ಬನ್ನು ಕೊಡಿಸಿ, ತಾವು ‘ಆಯ್ತು’ ಎನ್ನುತ್ತಿದ್ದರೇನೋ.

ಕೆಲವು ವಾರಗಳ ನಂತರ ಅವನು ಪುಸ್ತಕ ಹಿಂದಿರುಗಿಸಲು ಕಾಲೇಜಿನಲ್ಲೇ ಸಿಕ್ಕಿದ. ಅವನು ಒಯ್ದಿದ್ದು ಉಪನಿಷತ್ತುಗಳ ಕನ್ನಡ ಅನುವಾದ. ಕಠೋಪನಿಷತ್ತಿನ ನಚಿಕೇತನ ವಿಷಯ ಬಂತು. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಹುಡುಗ ಯಮನ ಮನೆಗೆ ಹೋಗುತ್ತಾನೆ. ಯಮ ಮನೆಯಲ್ಲಿಲ್ಲ. ಮೂರು ರಾತ್ರಿ ಉಪವಾಸ ಕಾಯುತ್ತಾನೆ. ಬಂದ ಯಮನಿಗೆ, ಸಾವಿಗೇ, ಅಳುಕು ಹುಟ್ಟುತ್ತದೆ: ಅತಿಥಿ ನನ್ನ ಬಾಗಿಲಲ್ಲಿ ಹಸಿದಿದ್ದಾನೆ. ರಾತ್ರಿಗೊಂದರಂತೆ ಮೂರು ವರ ಕೊಡುತ್ತಾನೆ. ನಾನು ಅವನಿಗೆ ಸ್ವಲ್ಪ ಉತ್ಸಾಹದಿಂದಲೇ ಹೇಳಿದೆ, ನೋಡಿ, ಮೂರನೆಯ ವರದ ಹೊತ್ತಿಗೆ ಅಲ್ಲಿ ನಡೆಯುವುದು ನಮ್ಮ ಮನೆಗಳಲ್ಲಿ ನಡೆಯುವ ಒತ್ತಾಯವೇ. ಸತ್ತ ಮೇಲೆ ಏನು ಎಂದು ಹುಡುಗ ಕೇಳುತ್ತಾನೆ, ಯಮ ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಬಡಿಸಲು ನೋಡುತ್ತಾನೆ. ಆನೆ, ಕುದುರೆ, ಚಿನ್ನ, ಬೇಕಾದಷ್ಟು ಆಯಸ್ಸು. ಹುಡುಗ ಬೇಡ ಬೇಡ ಎನ್ನುತ್ತಲೇ ಇರುತ್ತಾನೆ. ಕೊನೆಗೆ ಯಮ ಆ ‘ಬೇಡ’ವನ್ನು ನಂಬುತ್ತಾನೆ.

ಹುಡುಗ ನಕ್ಕ. ‘ಯಮನಿಗೆ ಒಂದು ಅನುಕೂಲ ಇತ್ತು ಸಾರ್’ ಎಂದ.

‘ಏನು?’

‘ಬಂದಿರೋನು ಬ್ರಾಹ್ಮಣರ ಹುಡುಗ ಅಂತ ಮೊದಲೇ ಗೊತ್ತಿತ್ತು. ಅದರಲ್ಲೇ ಬರೆದಿದೆ. ಯಾವ ಪೈಕಿ ಅಂತ ಕೇಳೋ ಹಂಗೆ ಇರಲಿಲ್ಲ.’

ನಾನು ಸುಮ್ಮನಾದೆ. ಅವನೇ ಮುಂದುವರಿಸಿದ. ಹೊಸ ಮನೆಗಳಲ್ಲಿ ತಾನು ಊಟಕ್ಕೆ ಒಪ್ಪುವುದಿಲ್ಲವಂತೆ. ಹೈಸ್ಕೂಲಿನಿಂದಲೂ ರೂಢಿ. ಊಟಕ್ಕೆ ಎಬ್ಬಿಸುವ ಮೊದಲು ಅಥವಾ ಅನ್ನ ಬಡಿಸುವ ಹೊತ್ತಿಗೆ, ಬಹಳ ಪ್ರೀತಿಯಿಂದಲೇ, ಒಂದು ಪ್ರಶ್ನೆ ಬರುತ್ತದೆ. ಊರು ಯಾವುದು, ಅಪ್ಪನ ಹೆಸರೇನು, ಅಲ್ಲಿ ಯಾವ ಬೀದಿ. ಸುತ್ತಿ ಸುತ್ತಿ ಅಲ್ಲಿಗೇ. ಉತ್ತರ ಸಿಕ್ಕಿದ ಮೇಲೆ ಊಟ ಬರುತ್ತದೆ, ಕೆಲವು ಕಡೆ ಬೇರೆ ತಟ್ಟೆಯಲ್ಲಿ ಬರುತ್ತದೆ, ಒಂದು ಕಡೆ ಜಗಲಿಗೆ ಬಂದಿತ್ತು. ‘ಅದಕ್ಕೇ ಸಾರ್, ಆಯ್ತು ಅಂದ್ರೆ ಯಾರಿಗೂ ತೊಂದರೆ ಇಲ್ಲ.’ ಅದನ್ನು ಅವನು ಒಂದು ತಮಾಷೆಯ ಅನುಭವ ಹೇಳುವಂತೆ ಹೇಳಿದ. ಜಗಲಿಗೆ ಊಟ ತಂದ ಆ ಮನೆಯವರು ಪಾಪ ಬಹಳ ಉಪಚಾರ ಮಾಡಿದರಂತೆ: ‘ಸಂಕೋಚ ಮಾಡ್ಕೋಬೇಡಪ್ಪ, ನಿಮ್ಮನೆ ಅಂತ ತಿಳ್ಕೊ’. ಅವನು ಆ ದನಿಯನ್ನು ಎಷ್ಟು ಚೆನ್ನಾಗಿ ಅನುಕರಿಸಿದನೆಂದರೆ ನನಗೆ ನಗು ಬಂದುಬಿಟ್ಟಿತು. ನಕ್ಕ ಮೇಲೆ ಏನು ಮಾಡುವುದೆಂದು ತಿಳಿಯಲಿಲ್ಲ.

ನಮ್ಮ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. 15ನೆಯದು ಹೋಟೆಲಿನ ಬಾಗಿಲನ್ನು ಎಲ್ಲರಿಗೂ ತೆರೆಯಿತು. 1955ರಲ್ಲಿ ಕಾನೂನೂ ಬಂತು. ಹೋಟೆಲಿನ ಮಾಣಿ ‘ಏನು ಕೊಡ್ಲಿ ಸಾರ್?’ ಎಂದು ಮಾತ್ರ ಕೇಳಬೇಕು, ಬೇರೆ ಕೇಳುವಂತಿಲ್ಲ. ಬೇಕರಿಯ ಕಟ್ಟೆಯೂ ಏನನ್ನೂ ಕೇಳಲಿಲ್ಲ. ಹತ್ತು ರೂಪಾಯಿಗೆ ಬನ್ನು ಕೊಟ್ಟಿತು. ಮನೆಯ ಅಡುಗೆಮನೆಗೆ ಮಾತ್ರ ಯಾವ ವಿಧಿಯೂ ಹೋಗಲಾರದು, ಹೋಗಬೇಕೆಂದೂ ನಾನು ಹೇಳಲಾರೆ. ಅಲ್ಲಿ ಉಳಿದಿರುವುದು ಉಪಚಾರ ಒಂದೇ. ಮತ್ತು ನಾವು ಹಾಡಿ ಹೊಗಳುವ ಆ ಉಪಚಾರ ಶುರುವಾಗುವುದೇ ಬಂದವನು ಯಾರೆಂದು ಗೊತ್ತಾದ ಮೇಲೆ. ಅಪ್ಪನನ್ನು ಹಿತ್ತಿಲಿಗೆ ಕಳಿಸುತ್ತಿದ್ದ ಆ ದನಿಗಳೆಲ್ಲ ಅವರು ಯಾವ ಪೈಕಿ ಎಂದು ಬಲ್ಲವು. ಬಲ್ಲವೆಂಬುದರ ಕಡೆ ನಾನು ಇಷ್ಟು ವರ್ಷ ಗಮನ ಕೊಟ್ಟೇ ಇರಲಿಲ್ಲ. ‘ಕೈಕಾಲು ತೊಳ್ಕೊಳ್ಳಿ ಮೇಷ್ಟ್ರೇ’ ಎಂಬಲ್ಲಿನ ‘ಮೇಷ್ಟ್ರೇ’ ಬರೀ ಕೆಲಸದ ಹೆಸರಾಗಿರಲಿಲ್ಲ.

ತುಮಕೂರಿನವನಾಗಿ ಇಲ್ಲಿ ಸಿದ್ಧಗಂಗೆಯ ದಾಸೋಹದ ಮಾತು ಎತ್ತದೆ ಇರಲಾರೆ. ಹನ್ನೆರಡನೆಯ ಶತಮಾನದ ಕಲ್ಯಾಣದಿಂದ ಬಂದ ಮಾತು ಅದು. ‘ಬಡಿಸುವವನೇ ದಾಸ’ ಎನ್ನುವ ಅರ್ಥ ಅದರೊಳಗೇ ಇದೆ. ಅಲ್ಲಿ ಸಾಲಿನಲ್ಲಿ ಕೂತ ಸಾವಿರಾರು ಮಕ್ಕಳಿಗೆ ಮುದ್ದೆ ಬೀಳುವಾಗ ಪ್ರಶ್ನೆಯೂ ಇಲ್ಲ, ಒತ್ತಾಯವೂ ಇಲ್ಲ. ಸೌಟು ಬರುತ್ತದೆ, ಹೋಗುತ್ತದೆ. ಅಲ್ಲಿ ಉಂಡು ಬೆಳೆದ ಒಬ್ಬರು ನನಗೆ ಹೇಳಿದ್ದರು, ದೊಡ್ಡವನಾದ ಮೇಲೆ ಯಾರಾದರೂ ಊಟಕ್ಕೆ ಒತ್ತಾಯ ಮಾಡಿದರೆ ನನಗೆ ಗಾಬರಿಯಾಗುತ್ತಿತ್ತು, ಯಾಕೆ ಇಷ್ಟೊಂದು ಹೇಳುತ್ತಿದ್ದಾರೆ ಎಂದು. ಹಾಗಾದರೆ ಜಾತಿ ಕೇಳದ ಊಟಕ್ಕೆ ಒತ್ತಾಯವೂ ಬೇಡವೇ? ಒತ್ತಾಯ ಎಂಬ ಈ ಮುದ್ದಾದ ಪದ್ಧತಿ, ನಮ್ಮವರಿಗೆ ಎಂದು ನಾವು ಮಾಡಿಕೊಂಡ ಗುರುತಿನ ಚೀಟಿಯೇ? ನನಗೆ ಪೂರ್ತಿ ಹಾಗೆನಿಸುವುದಿಲ್ಲ. ಅಜ್ಜಿಯ ‘ಕೈ ತೊಳ್ಕೋ’ವನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡಲಾರೆ. ಆದರೆ ಅವಳು ಅದನ್ನು ಯಾರು ಯಾರಿಗೆ ಹೇಳುತ್ತಿದ್ದಳು ಎಂದು ನೆನಪು ಮಾಡಿಕೊಳ್ಳಹೋದರೆ, ನೆನಪಿಗೆ ಬಾರದ ಮುಖಗಳೂ ಇವೆ. ಹಿತ್ತಿಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದವರು. ಅವರಿಗೂ ಅಜ್ಜಿ ಧಾರಾಳವಾಗಿಯೇ ಕೊಡುತ್ತಿದ್ದಳು, ಮೇಲಿನಿಂದ ಹಾಕುತ್ತಿದ್ದಳು. ಅವರಾರೂ ‘ಬೇಡ’ ಎಂದದ್ದನ್ನು ನಾನು ಕೇಳಿಲ್ಲ. ‘ಬೇಡ’ ಎನ್ನುವ ಆಟ ಆಡಲೂ ಪಂಕ್ತಿಯಲ್ಲಿ ಒಂದು ಜಾಗ ಬೇಕು.

ಅವತ್ತು ಕಾಲೇಜಿನ ಕಾರಿಡಾರಿನಲ್ಲಿ ನಾನು ಅವನಿಗೆ ಬೇಕರಿಯ ಹತ್ತಿರ ನೋಡಿದ್ದನ್ನು ಹೇಳಿದೆ. ಅವನು ನಾಚಿಕೊಂಡ. ‘ನಾನು ಒತ್ತಾಯ ಮಾಡಬೇಕಿತ್ತು ಅಲ್ವಾ?’ ಎಂದೆ. ಅವನು ಸ್ವಲ್ಪ ಯೋಚಿಸಿ, ‘ಒತ್ತಾಯ ಮಾಡಿದ್ರೂ ಬಹುಶಃ ಆಯ್ತು ಅಂತಲೇ ಅಂತಿದ್ದೆ ಸಾರ್. ಆದ್ರೆ ಮಾಡಿಸ್ಕೊಂಡ ಹಂಗೆ ಆಗ್ತಿತ್ತು’ ಎಂದ.

ಹೋದ ತಿಂಗಳು ಅವನು ಮತ್ತೆ ಬಂದ, ಇನ್ನೊಂದು ಪುಸ್ತಕಕ್ಕೆ. ಹೆಂಡತಿ ಮಗಳ ಮನೆಗೆ ಹೋಗಿದ್ದಳು. ಕುಕ್ಕರಿನಲ್ಲಿ ಅನ್ನ ಇಟ್ಟು, ಸೊಪ್ಪಿನ ಸಾರು ಮಾಡುವ ಸಾಹಸದಲ್ಲಿ ನಾನಿದ್ದೆ. ಬಾಗಿಲು ತೆಗೆದವನೇ, ಏನನ್ನೂ ಕೇಳದೆ, ‘ಬಚ್ಚಲು ಆ ಕಡೆ, ಕೈ ತೊಳ್ಕೊಂಡು ಬನ್ನಿ’ ಎಂದೆ. ನನ್ನ ದನಿ ನನಗೇ ಗದರಿದಂತೆ ಕೇಳಿಸಿತು. ಅವನು ‘ಸಾರ್, ಆಯ್ತು...’ ಎಂದು ಶುರು ಮಾಡಿದ. ನನ್ನ ಕೈಯಲ್ಲಿದ್ದ ಸೌಟು ನೋಡಿ ನಿಲ್ಲಿಸಿದ. ಅಡುಗೆಮನೆಯಲ್ಲೇ ನೆಲದ ಮೇಲೆ ಇಬ್ಬರೂ ಕೂತೆವು. ಎರಡನೇ ಸಲ ಅನ್ನ ಬಡಿಸುವಾಗ ಅವನು ತಟ್ಟೆಗೆ ಕೈ ಅಡ್ಡ ಹಿಡಿದ. ನಾನು ಸೌಟನ್ನು ಅಲ್ಲೇ ಮೇಲೆ ಹಿಡಿದು ನಿಂತುಬಿಟ್ಟೆ. ನಂಬುವುದೋ ಬಿಡುವುದೋ ತಿಳಿಯಲಿಲ್ಲ. ಅನ್ನದ ಹಬೆ ಅವನ ಕೈಗೆ ತಾಗಿತೇನೋ, ಕೈ ತೆಗೆದ.

‘ಸಾರು ಚೆನ್ನಾಗಿದೆ ಸಾರ್’ ಎಂದ. ಇನ್ನೊಂದು ಸೌಟು ಹಾಕಿಸಿಕೊಂಡ.

ನಾನು ಒಂದು ತುತ್ತು ಬಾಯಿಗಿಟ್ಟುಕೊಂಡೆ. ಸಾರಿಗೆ ಉಪ್ಪೇ ಹಾಕಿರಲಿಲ್ಲ.